ಬೈಕ್ ಕ್ಲಬ್ ಪ್ರೇಮ ಕಾದಂಬರಿ: ಮೊದಲ ಸಲ ಓದಿದೆ, ಈಗ ಬಿಡಲಾಗುತ್ತಿಲ್ಲ

ಕಂದವಾರ ಕೆರೆ ದಂಡೆ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಯಾರಾದರೂ ಮೋಟಾರ್‌ಸೈಕಲ್ ಕ್ಲಬ್ ರೊಮ್ಯಾನ್ಸ್ ಓದುತ್ತೀರಾ? ಎಂಸಿ ರೊಮ್ಯಾನ್ಸ್ ಅಂತ ಕರೆಯುತ್ತಾರಲ್ಲ, ಅದು. ಮೊನ್ನೆ ಮೊನ್ನೆಯವರೆಗೂ ಇಂಥದ್ದೊಂದು ಜಾತಿಯ ಕಾದಂಬರಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಆಫೀಸಿನ ಗೆಳತಿ ಒಂದನ್ನು ಓದು ಅಂತ ಹಿಂದೆ ಬಿದ್ದಳು. ಮುಖಪುಟದಲ್ಲಿ ಮುಖವೇ ಇಲ್ಲ, ಬರೀ ಹಚ್ಚೆ ತುಂಬಿದ ಎದೆ. ಬೆಂಗಳೂರು ಬಸ್ಸಿನಲ್ಲಿ ಪಕ್ಕದ ಆಂಟಿಗೆ ಕಾಣದಂತೆ ಫೋನ್ ವಾಲಿಸಿಕೊಂಡು ಓದಬೇಕಾಯಿತು.

ಪುಸ್ತಕದ ಹೆಸರು ಬೇಡ, ಕತೆ ಹೇಳುತ್ತೇನೆ. ಅಮೆರಿಕದ ಒಂದು ಸಣ್ಣ ಊರು. ಅಣ್ಣ ಮಾಡಿದ ಸಾಲಕ್ಕೆ ಹೆದರಿ ಊರು ಬಿಟ್ಟು ಬಂದ ಹುಡುಗಿ. ಕ್ಲಬ್ಬಿನವರ ಗ್ಯಾರೇಜಿನಲ್ಲಿ ಅವಳಿಗೆ ಲೆಕ್ಕ ಬರೆಯುವ ಕೆಲಸ ಸಿಗುತ್ತದೆ. ಅಲ್ಲೊಬ್ಬ ಗಡ್ಡದವನು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಮುಂದಿನದು ನಿಮಗೇ ಗೊತ್ತಾಗುತ್ತೆ ಬಿಡಿ. ಇಂಥವನು ನಮ್ಮ ಬೀದಿಗೆ ಬಂದರೆ ನಾನು ಗೇಟಿಗೆ ಚಿಲಕ ಹಾಕುತ್ತೇನೆ. ಪುಸ್ತಕದಲ್ಲಿ ಮಾತ್ರ ರಾತ್ರಿ ಎರಡು ಗಂಟೆಯಾದರೂ ಕೆಳಗಿಡಲಾಗಲಿಲ್ಲ.

ಯಾಕೆ ಅಂತ ಯೋಚಿಸಿದೆ. ನನ್ನನ್ನು ಹಿಡಿದಿಟ್ಟದ್ದು ಅವನಿಗಿಂತ ಹೆಚ್ಚಾಗಿ ಆ ಕ್ಲಬ್‌ಹೌಸ್. ಒಬ್ಬ ಯಜಮಾನ, ಅವನ ಮಾತಿಗೆ ಎದುರಿಲ್ಲ. ಕೆಳಗೆ ಹಿರಿಯರು, ಕಿರಿಯರು, ಇನ್ನೂ ಪೂರ್ತಿ ಸೇರದೆ ಚಾಕರಿ ಮಾಡುವ ಹುಡುಗರು. ಅಡುಗೆಮನೆಯಲ್ಲಿ ಎಲ್ಲರ ಗುಟ್ಟೂ ಗೊತ್ತಿರುವ ಒಬ್ಬ ದೊಡ್ಡಮ್ಮ. ಹೊಸದಾಗಿ ಬಂದವಳನ್ನು ಮೇಲಿಂದ ಕೆಳಗೆ ನೋಡುವ ಕಣ್ಣುಗಳು. ನಾನು ಬೆಳೆದದ್ದು ಬಾಗೇಪಲ್ಲಿ ಕಡೆಯ ಕೂಡುಕುಟುಂಬದಲ್ಲಿ. ಎಲ್ಲ ಗೊತ್ತಿರುವ ಮನೆಯಂತೆಯೇ ಇತ್ತು.

ಇದೆಲ್ಲ ಅಲ್ಲಿ ನಿಜಕ್ಕೂ ಹೀಗಿದೆಯಾ? ಮುಂದೆ ಏನು ನೋಡಿ ಆರಿಸಿಕೊಳ್ಳಲಿ? ಹಳೆಯ ಓದುಗರು ಹೇಳಿ.

ತಟ್ಟೆ ಇಡ್ಲಿ, ತುಮಕೂರು

ಗಡ್ಡ, ಸಿಟ್ಟು, ಬೈಕು. ಅಕ್ಕ, ನಮ್ಮ ಕ್ಯಾತ್ಸಂದ್ರದಲ್ಲಿ ಸಂಜೆ ನಿಂತರೆ ಲೈನಾಗಿ ಸಿಗುತ್ತಾರೆ. ಲೆಕ್ಕ ಬರೆಯೋಕೆ ಮಾತ್ರ ಯಾರೂ ಕರೆಯಲ್ಲ.

ಅಂತರಗಂಗೆ, ಕೋಲಾರ

ಬನ್ನಿ ಅಕ್ಕ, ಈ ಕಡೆಗೆ ಒಬ್ಬರಾದರೂ ಬಂದರಲ್ಲ! ನಾನು ತುಂಬ ವರ್ಷದಿಂದ ಓದುತ್ತಿದ್ದೇನೆ. ನಮ್ಮ ಮನೆಯವರಿಗೆ ಇವು ಪತ್ತೇದಾರಿ ಪುಸ್ತಕಗಳು ಅಂತ ಹೇಳಿದ್ದೇನೆ.

ಮೊದಲು ಅಲ್ಲಿನ ಪದ್ಧತಿ ಸ್ವಲ್ಪ ಗೊತ್ತಿರಲಿ. ಇಲ್ಲದಿದ್ದರೆ ಯಾಕೆ ಜಗಳ ಆಗ್ತಿದೆ ಅಂತಲೇ ಅರ್ಥವಾಗಲ್ಲ. ಅವರು ಹಾಕುವ ತೋಳಿಲ್ಲದ ಚರ್ಮದ ಅಥವಾ ಡೆನಿಮ್ ಕೋಟಿಗೆ ‘ಕಟ್’ ಅನ್ನುತ್ತಾರೆ. ಅದರ ಬೆನ್ನ ಮೇಲೆ ಮೂರು ತುಂಡು ಬಟ್ಟೆ ಹೊಲಿದಿರುತ್ತದೆ. ಮೇಲಿನ ಪಟ್ಟಿಯಲ್ಲಿ ಕ್ಲಬ್ಬಿನ ಹೆಸರು, ನಡುವೆ ಲಾಂಛನ, ಕೆಳಗಿನ ಪಟ್ಟಿಯಲ್ಲಿ ಅವರ ಸೀಮೆ. ಆ ಕೆಳಗಿನ ಪಟ್ಟಿಗಾಗಿಯೇ ಅರ್ಧ ಕಾದಂಬರಿಗಳಲ್ಲಿ ಹೊಡೆದಾಟ. ಒಂದು ಕ್ಲಬ್ಬಿನ ಸೀಮೆಯಲ್ಲಿ ಇನ್ನೊಬ್ಬರು ಅದೇ ಊರಿನ ಹೆಸರು ಬೆನ್ನಿಗೆ ಹಾಕಿಕೊಂಡು ಬಂದರೆ ಮುಗಿಯಿತು.

ನೀವು ಹೇಳಿದ ಚಾಕರಿ ಹುಡುಗರು ‘ಪ್ರಾಸ್ಪೆಕ್ಟ್’ಗಳು. ತಿಂಗಳುಗಟ್ಟಲೆ, ಕೆಲವು ಸಲ ವರ್ಷದ ಮೇಲೆ, ಬೈಕ್ ಕಾಯುವುದು, ಗುಡಿಸುವುದು, ಹೇಳಿದ ಕಡೆ ಓಡುವುದು. ಆಮೇಲೆ ಸದಸ್ಯರೆಲ್ಲ ವೋಟು ಹಾಕಿದರೆ ಒಳಗೆ. ಸಭೆಗೆ ‘ಚರ್ಚ್’ ಅನ್ನುತ್ತಾರೆ, ಒಳಗೆ ಸದಸ್ಯರು ಬಿಟ್ಟರೆ ಬೇರೆ ಯಾರಿಗೂ ಪ್ರವೇಶವಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ಇರುತ್ತಾರೆ. ಶಿಸ್ತು ನೋಡಿಕೊಳ್ಳುವವನು ಸಾರ್ಜೆಂಟ್ ಅಟ್ ಆರ್ಮ್ಸ್. ದಾರಿ ತೋರಿಸುವವನು ರೋಡ್ ಕ್ಯಾಪ್ಟನ್.

ಇನ್ನು ಆರಿಸಿಕೊಳ್ಳುವುದು. ಇವು ಬಹುಪಾಲು ಸರಣಿಯಾಗಿ ಬರುತ್ತವೆ. ಒಂದೇ ಕ್ಲಬ್, ಒಂದೊಂದು ಪುಸ್ತಕಕ್ಕೆ ಒಂದೊಂದು ಜೋಡಿ. ಮೊದಲನೆಯದರಲ್ಲಿ ಮೂಲೆಯಲ್ಲಿ ಕೂತು ಬಿಯರ್ ಕುಡಿಯುವವನು ನಾಲ್ಕನೆಯದರಲ್ಲಿ ನಾಯಕ. ಹಾಗಾಗಿ ಕ್ರಮ ತಪ್ಪಿಸಬೇಡಿ, ಯಾರು ಯಾರನ್ನು ಮದುವೆಯಾದರು ಅಂತ ಮೊದಲೇ ಗೊತ್ತಾಗಿಬಿಡುತ್ತೆ. ಎರಡನೆಯದು, ಮೊದಲ ಪುಟದ ಎಚ್ಚರಿಕೆಯನ್ನು ಹಾರಿಸಬೇಡಿ. ಈಗಿನ ಲೇಖಕಿಯರು ಬಲಾತ್ಕಾರ, ಅಪಹರಣ, ಮಾದಕ ವಸ್ತು, ಮಕ್ಕಳ ಮೇಲಿನ ಹಿಂಸೆ ಇದ್ದರೆ ಅಲ್ಲೇ ಬರೆಯುತ್ತಾರೆ. ‘ಡಾರ್ಕ್’ ಅಂತ ಹಾಕಿದ್ದರೆ ಅದನ್ನು ನಿಜವಾಗಿ ನಂಬಿ. ನನಗೆ ಕೆಲವು ಆಗಲ್ಲ, ಮುಚ್ಚಿಟ್ಟುಬಿಡುತ್ತೇನೆ. ಯಾರೂ ಪರೀಕ್ಷೆ ಇಡಲ್ಲ.

ಎಷ್ಟೇ ರಕ್ತ ಹರಿದರೂ ಕೊನೆಗೆ ಜೋಡಿ ಒಂದಾಗಲೇಬೇಕು. ಅದು ಒಪ್ಪಂದ. ಅದಿಲ್ಲದಿದ್ದರೆ ರೊಮ್ಯಾನ್ಸ್ ಓದುಗರು ಲೇಖಕಿಯನ್ನು ಸುಮ್ನೆ ಬಿಡಲ್ಲ.

ಮಧುಗಿರಿ ಮೇಷ್ಟ್ರು

ನಾನು ಈ ಪುಸ್ತಕಗಳನ್ನು ಓದಿಲ್ಲ, ಓದುವ ವಯಸ್ಸೂ ಅಲ್ಲ. ಆದರೆ ‘ನಿಜಕ್ಕೂ ಹೀಗಿದೆಯಾ’ ಅಂತ ಕೇಳಿದ್ದೀರಿ, ಅದಕ್ಕೆ ಉತ್ತರ ಹೇಳಬಲ್ಲೆ.

ಎರಡನೇ ಮಹಾಯುದ್ಧ ಮುಗಿದು ಅಮೆರಿಕದ ಸೈನಿಕರು ಊರಿಗೆ ಮರಳಿದರು. ಕೆಲವರಿಗೆ ಮನೆಯ ಶಾಂತಿ ಒಗ್ಗಲಿಲ್ಲ. ಬೈಕು, ಗೆಳೆಯರ ಗುಂಪು, ವೇಗ ಬೇಕಾಯಿತು. 1947ರ ಜುಲೈ 4ರ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಅನ್ನುವ ಸಣ್ಣ ಊರಿನಲ್ಲಿ ಬೈಕ್ ಮೇಳವಿತ್ತು. ನಿರೀಕ್ಷೆಗಿಂತ ಎಷ್ಟೋ ಜಾಸ್ತಿ ಜನ ಬಂದರು. ಕುಡಿತ, ಗಲಾಟೆ, ಬೀದಿಯಲ್ಲೇ ರೇಸು. ಬಿಯರ್ ಬಾಟಲಿಗಳ ನಡುವೆ ಬೈಕಿನ ಮೇಲೆ ಕೂತ ಒಬ್ಬನ ಚಿತ್ರ ‘ಲೈಫ್’ ಪತ್ರಿಕೆಯಲ್ಲಿ ಬಂತು. ಅದನ್ನು ಬೇಕಂತಲೇ ಜೋಡಿಸಿ ತೆಗೆದದ್ದು ಅನ್ನುವ ವಾದ ಇವತ್ತಿಗೂ ಇದೆ. ಏನೇ ಆಗಲಿ, ಬೈಕಿನವರು ಅಂದರೆ ಪುಂಡರು ಅನ್ನುವ ಚಿತ್ರ ದೇಶದ ತಲೆಯಲ್ಲಿ ಕೂತಿತು. ಅದೇ ಘಟನೆಯ ನೆರಳಿನಲ್ಲಿ 1953ರಲ್ಲಿ ಹಾಲಿವುಡ್ ನಟ ಮರ್ಲಾನ್ ಬ್ರ್ಯಾಂಡೊನ ಸಿನಿಮಾ ಬಂತು. ಚರ್ಮದ ಜಾಕೆಟ್ಟಿನ ಒರಟ ನಾಯಕ ಅಲ್ಲಿಂದ ಮನೆಮಾತಾದ.

‘ಒಂದು ಪರ್ಸೆಂಟ್’ ಅನ್ನುವ ಬಿಲ್ಲೆ ನೋಡಿರುತ್ತೀರಿ. ಬೈಕಿನವರಲ್ಲಿ ನೂರಕ್ಕೆ 99 ಜನ ಒಳ್ಳೆಯವರು ಅಂತ ಅಲ್ಲಿನ ಮೋಟಾರ್‌ಸೈಕಲ್ ಸಂಘ ಹಾಲಿಸ್ಟರ್ ಗಲಾಟೆಯ ಮೇಲೆ ಹೇಳಿತಂತೆ. ಉಳಿದ ಒಂದು ನಾವೇ ಅಂತ ಕೆಲವು ಕ್ಲಬ್ಬುಗಳು ಎದೆಗೆ ಹಾಕಿಕೊಂಡವು. ತಮಾಷೆ ಏನೆಂದರೆ, ಅಂಥ ಹೇಳಿಕೆ ಕೊಟ್ಟ ದಾಖಲೆ ತಮ್ಮಲ್ಲಿ ಇಲ್ಲ ಅಂತ ಆ ಸಂಘವೇ ಹೇಳುತ್ತದೆ.

ಪುಸ್ತಕದಲ್ಲಿ ಇದೆಲ್ಲ ಚೆಂದ. 2015ರ ಮೇ 17ರಂದು ಟೆಕ್ಸಾಸಿನ ವೇಕೊ ಊರಿನ ಒಂದು ಹೋಟೆಲಿನಲ್ಲಿ ಎರಡು ಕ್ಲಬ್ಬುಗಳ ಜಗಳದಲ್ಲಿ ಗುಂಡು ಹಾರಿ 9 ಜನ ಸತ್ತರು. ಪೊಲೀಸರೂ ಗುಂಡು ಹಾರಿಸಿದ್ದರು. 177 ಜನರನ್ನು ಹಿಡಿದರು, ಕೊನೆಗೆ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಸತ್ತವರ ಮನೆಯವರನ್ನು ಯಾವ ಪ್ರೇಮ ಕಾದಂಬರಿ ಮಾತಾಡಿಸುತ್ತದೆ?

ಬುಲೆಟ್ ಸವಾರ, ತುಮಕೂರು

ಮೇಷ್ಟ್ರೇ, ಬೈಕ್ ಕ್ಲಬ್ ಅಂದ ತಕ್ಷಣ ಎಲ್ಲರನ್ನೂ ಅಲ್ಲಿಗೆ ಸೇರಿಸಬೇಡಿ. ನಮ್ಮದೂ ಒಂದು ಗುಂಪಿದೆ. ಭಾನುವಾರ ಬೆಳಿಗ್ಗೆ ದೇವರಾಯನದುರ್ಗ, ಇಲ್ಲದಿದ್ದರೆ ಶಿರಾ ಕಡೆ ಹೈವೇ. ನಮ್ಮ ಅತಿ ದೊಡ್ಡ ಜಗಳ ಟಿಫನ್ ಬಿಲ್ಲಿಂದು.

ನನ್ನ ಹೆಂಡತಿ ಇವನ್ನು ಓದುತ್ತಾಳೆ. ಸುಮ್ನೆ ಕುತೂಹಲಕ್ಕೆ ಒಂದನ್ನು ನಾನೂ ಓದಿದೆ. ಬೈಕಿನ ವಿಷಯದಲ್ಲಿ ಕೆಲವು ಕಡೆ ನಗು ಬಂತು. ನಾಯಕ ಇಡೀ ದಿನ ಓಡಿಸಿ ಬರುತ್ತಾನೆ. ಬಂದವನೇ ನಾಯಕಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾನೆ. ಸ್ವಾಮಿ, ನಾನು ಹಂಪಿಗೆ ಹೋಗಿ ಬಂದ ದಿನ ಶೂ ಬಿಚ್ಚೋಕೆ ಮಗನನ್ನು ಕರೆದೆ.

ಆದರೆ ಒಂದು ವಿಷಯ ನಿಜ. ನಾಯಕಿ ಮೂರು ಬೀದಿ ಆಚೆಯಿಂದಲೇ ಅವನ ಬೈಕಿನ ಸದ್ದು ಗುರುತಿಸುತ್ತಾಳಲ್ಲ, ಅದು ಆಗುತ್ತೆ. ಅಮೆರಿಕದ ಹಾರ್ಲೆ ಕಂಪನಿಯ ಹೆಚ್ಚಿನ ಬೈಕುಗಳಲ್ಲಿ ಎರಡು ಸಿಲಿಂಡರ್ 45 ಡಿಗ್ರಿ ಕೋನದಲ್ಲಿ ಕೂತಿರುತ್ತವೆ. ಎರಡಕ್ಕೂ ಒಂದೇ ಕ್ರ್ಯಾಂಕ್ ಪಿನ್, ಅಂದರೆ ತಿರುಗುವ ದಂಡದ ಒಂದೇ ಗೂಟ. ಹಾಗಾಗಿ ಸಮ ಅಂತರದಲ್ಲಿ ಉರಿಯಲ್ಲ. ಒಮ್ಮೆ ಆ ದಂಡ 315 ಡಿಗ್ರಿ ತಿರುಗಿದ ಮೇಲೆ, ಮತ್ತೊಮ್ಮೆ 405 ಡಿಗ್ರಿ ತಿರುಗಿದ ಮೇಲೆ. ಅದಕ್ಕೇ ಆ ತಡವರಿಸುವ ಸದ್ದು. ನಮ್ಮ ಹಳೇ ಬುಲೆಟ್ಟಿನದು ಒಂದೇ ಸಿಲಿಂಡರ್, ಅದರ ಲಯವೇ ಬೇರೆ. ನಮ್ಮಪ್ಪನ ಯೆಜ್ಡಿ ಟೂ ಸ್ಟ್ರೋಕ್, ಮೈಸೂರಲ್ಲೇ ಆಗಿದ್ದು. 1961ರಿಂದ 1996ರವರೆಗೆ ಅಲ್ಲಿ ಫ್ಯಾಕ್ಟರಿ ಇತ್ತಲ್ಲ. ಅಪ್ಪ ಬೀದಿ ತಿರುಗಿದ ತಕ್ಷಣ ಅಮ್ಮ ಕಾಫಿಗೆ ಇಡುತ್ತಿದ್ದರು. ಅದನ್ನು ಯಾರೂ ಕಾದಂಬರಿ ಮಾಡಲಿಲ್ಲ.

ರೋಡ್ ಕ್ಯಾಪ್ಟನ್ ಕೂಡ ನಿಜವಾದ ಕೆಲಸ. ನಮ್ಮಲ್ಲೂ ಮುಂದೆ ಒಬ್ಬ, ಕೊನೆಗೆ ಒಬ್ಬ. ನಡುವಿನವರು ಎಡಕ್ಕೊಂದು ಬಲಕ್ಕೊಂದು ಹೆಜ್ಜೆ ಬಿಟ್ಟು ಓಡಿಸಬೇಕು, ಆಗ ಬ್ರೇಕ್ ಹಾಕಲು ಜಾಗ ಇರುತ್ತೆ. ಗುಂಡಿ ಕಂಡರೆ ಕಾಲಿನಿಂದ ತೋರಿಸಬೇಕು. ಆ ಪುಸ್ತಕದಲ್ಲಿ ಇದೆಲ್ಲ ಒಂದು ಸಾಲಿನಲ್ಲಿ ಮುಗಿದುಹೋಯಿತು. ನನಗೆ ಬೇಜಾರಾಯಿತು.

ತಟ್ಟೆ ಇಡ್ಲಿ, ತುಮಕೂರು

ಅಣ್ಣ, ನಿಮ್ಮ ಮನೆಯವರು ಇದನ್ನು ಓದ್ತಾರೆ ಅನ್ನೋದನ್ನು ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿರಿ. ಅದನ್ನು ಹೇಳಿ ಮೊದಲು.

ರೇಷ್ಮೆ ಗೂಡು, ಶಿಡ್ಲಘಟ್ಟ

ನಾನು ಬೇರೆ ರಾಗ ಹಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಂದವಾರ ಅಕ್ಕ, ಕೂಡುಕುಟುಂಬ ಅಂದಿರಿ. ಸರಿಯಾಗಿಯೇ ಹೇಳಿದಿರಿ. ನನಗೆ ಅದೇ ತೊಂದರೆ. ಅಂಥ ಮನೆ ಹಜಾರದಿಂದ ನೋಡಿದರೆ ಚೆಂದ. ಹಿತ್ತಲಲ್ಲಿ ಪಾತ್ರೆ ತಿಕ್ಕಿದವರನ್ನು ಕೇಳಿ.

ಆ ಕ್ಲಬ್ಬುಗಳಲ್ಲಿ ಹೆಂಗಸರು ಸದಸ್ಯರಾಗುವಂತಿಲ್ಲ. ಕಾದಂಬರಿಯಲ್ಲಿ ಮಾತ್ರವಲ್ಲ, ಅಲ್ಲಿನ ಪುಂಡ ಕ್ಲಬ್ಬುಗಳಲ್ಲೂ ಅದೇ ಪದ್ಧತಿ. ಹೆಂಗಸಿನ ಬೆನ್ನಿಗೆ ‘ಇಂಥವನ ಸ್ವತ್ತು’ ಅಂತ ಬರೆದ ಕೋಟು ಹಾಕುತ್ತಾರೆ. ನಾಯಕಿ ಅದನ್ನು ಹಾಕಿಕೊಂಡು ಕಣ್ಣೀರು ಹಾಕುತ್ತಾಳೆ, ಸಂತೋಷಕ್ಕೆ! ಕೋಟು ಇರುವವರೆಗೆ ಯಾರೂ ಮುಟ್ಟಲ್ಲ. ಕೋಟು ಇಲ್ಲದ ಹುಡುಗಿಯರೂ ಅದೇ ಕ್ಲಬ್‌ಹೌಸಿನಲ್ಲಿ ಇರುತ್ತಾರಲ್ಲ, ಅವರಿಗೆ ಒಂದು ಹೆಸರೂ ಇರಲ್ಲ. ನಾಯಕಿ ಒಳ್ಳೆಯವಳು ಅಂತ ತೋರಿಸಲು ಅವರನ್ನು ಕೆಟ್ಟವರನ್ನಾಗಿ ಮಾಡುತ್ತಾರೆ. ಇದು ನನಗೆ ಎಲ್ಲಕ್ಕಿಂತ ಅಸಹ್ಯ.

ಇನ್ನು ನಾಯಕ. ಕೇಳದೆ ಅವಳ ಮನೆಯ ಬೀಗ ಬದಲಾಯಿಸುತ್ತಾನೆ. ಅವಳ ಫೋನ್ ನೋಡುತ್ತಾನೆ. ಅವಳ ಕೆಲಸ ಬಿಡಿಸುತ್ತಾನೆ. ಎಲ್ಲ ಪ್ರೀತಿಯ ಲೆಕ್ಕಕ್ಕೆ. ನಮ್ಮ ಊರಲ್ಲಿ ಇದನ್ನೇ ಮಾಡುವ ಗಂಡನಿಂದ ತಪ್ಪಿಸಿಕೊಂಡು ತವರಿಗೆ ಬಂದವರನ್ನು ನಾನು ಬಲ್ಲೆ. ಹಾಗಾಗಿ ನನಗೆ ಆಗಲಿಲ್ಲ. ಬಿಟ್ಟೆ.

ಗೌರಿಬಿದನೂರು ಪ್ಯಾಸೆಂಜರ್

ರೇಷ್ಮೆ ಅಕ್ಕನಿಗೆ ನನ್ನದೊಂದು ವೋಟು.

ಕಂದವಾರ ಕೆರೆ ದಂಡೆ, ಚಿಕ್ಕಬಳ್ಳಾಪುರ

ರೇಷ್ಮೆ ಅವರೇ, ಬೇಜಾರು ಯಾಕೆ? ನಿಮ್ಮ ಮಾತು ಓದಿ ಎರಡು ದಿನ ಉತ್ತರ ಬರೆಯಲು ಆಗಲಿಲ್ಲ, ಅಷ್ಟೇ. ಬೀಗದ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ಆ ಪುಟದಲ್ಲಿ ನನಗೂ ಮೈ ಉರಿಯಿತು.

ಆದರೆ ನನ್ನನ್ನು ಯಾವುದು ಹಿಡಿಯಿತು ಅಂತ ಈಗ ಸ್ಪಷ್ಟವಾಗಿ ಹೇಳಬಲ್ಲೆ. ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಗಂಡಸರೆಲ್ಲ ಹಜಾರದಲ್ಲಿ ಕೂರುತ್ತಿದ್ದರು. ತಾತ, ದೊಡ್ಡಪ್ಪ, ಅಪ್ಪ, ಚಿಕ್ಕಪ್ಪಂದಿರು. ಬೋರ್‌ವೆಲ್ ಎಲ್ಲಿ ಕೊರೆಸುವುದು, ಯಾವ ಹುಡುಗಿಗೆ ಎಲ್ಲಿ ಗಂಡು ನೋಡುವುದು, ಯಾರ ಒಡವೆ ಅಡ ಇಡುವುದು, ಎಲ್ಲ ಅಲ್ಲೇ ತೀರ್ಮಾನ. ಹೆಂಗಸರು ಅಡುಗೆಮನೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಮ್ಮೆ ನಮ್ಮಮ್ಮನ ಸರ ಅಡ ಇಡುವ ಮಾತು ಬಂತು. ಬೇಡ ಅಂತ ಅಪ್ಪ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನೆಲ ನೋಡುತ್ತಾ ಕೂತಿದ್ದರು.

ಈಗ ಈ ಪುಸ್ತಕಕ್ಕೆ ಬನ್ನಿ. ನಾಯಕಿಯನ್ನು ಸಾಲಗಾರರಿಗೆ ಒಪ್ಪಿಸಿಬಿಡೋಣ, ಕ್ಲಬ್ಬಿಗೆ ಯಾಕೆ ತೊಂದರೆ ಅಂತ ಸಭೆಯಲ್ಲಿ ಮಾತು ಬರುತ್ತದೆ. ಬಾಗಿಲು ಮುಚ್ಚಿದೆ. ಅವಳು ಆಚೆ ನಿಂತಿದ್ದಾಳೆ. ಒಳಗೆ ಆ ಗಡ್ಡದವನು ಮೇಜಿನ ಮೇಲೆ ತನ್ನ ಕೋಟು ಬಿಚ್ಚಿಟ್ಟು, ಅವಳನ್ನು ಕಳಿಸುವುದಾದರೆ ನನ್ನನ್ನೂ ಕಳಿಸಿ ಅನ್ನುತ್ತಾನೆ. ಅಷ್ಟು ವರ್ಷ ಕಾದು ಗಳಿಸಿದ ಕೋಟು. ನಾನು ಅತ್ತುಬಿಟ್ಟೆ. ಹಚ್ಚೆಗೂ ಅಲ್ಲ, ಬೈಕಿಗೂ ಅಲ್ಲ. ಮನೆಯ ಸಭೆಯಲ್ಲಿ ಹೆಂಡತಿಯ ಪರ ಬಾಯಿ ಬಿಡುವ ಗಂಡಸು! ನಮ್ಮ ಕಡೆ ಅದಕ್ಕಿಂತ ದೊಡ್ಡ ಕಲ್ಪನೆ ಇಲ್ಲ ನೋಡಿ.

ಕೊಲೆ, ಬಂದೂಕು ಎಲ್ಲ ಆ ಒಂದು ದೃಶ್ಯಕ್ಕೆ ತೆರುವ ಟಿಕೆಟ್ ದುಡ್ಡು ಅಂದುಕೊಂಡೆ.

ರೇಷ್ಮೆ ಗೂಡು, ಶಿಡ್ಲಘಟ್ಟ

ಇದಕ್ಕೆ ನಾನು ಏನೂ ಹೇಳಲಾರೆ ಅಕ್ಕ. ನಮ್ಮಜ್ಜಿಯ ಬಳೆಗಳೂ ಹಾಗೇ ಹೋದವು.

ಆದರೂ ಒಂದು ಕೇಳುತ್ತೇನೆ. ಅವಳು ಆಚೆ ಯಾಕೆ ನಿಂತಿರಬೇಕು? ಲೆಕ್ಕ ಬರೆಯುವವಳು ಅವಳು. ಯಾರ್ಯಾರು ಎಷ್ಟು ನುಂಗಿದ್ದಾರೆ ಅಂತ ಅವಳಿಗೆ ಗೊತ್ತು. ಅವಳೇ ಒಳಗೆ ಹೋಗಿ ಖಾತೆ ಪುಸ್ತಕ ಮೇಜಿನ ಮೇಲೆ ಎಸೆಯುವ ಕಾದಂಬರಿ ಇದ್ದರೆ ಹೇಳಿ, ಇವತ್ತೇ ಓದುತ್ತೇನೆ.

ಅಂತರಗಂಗೆ, ಕೋಲಾರ

ಇವೆ ಅಕ್ಕ. ಹೆಂಗಸರದ್ದೇ ಕ್ಲಬ್ ಇರುವ ಸರಣಿಗಳಿವೆ. ನಾಯಕಿಗೆ ನಲವತ್ತು ದಾಟಿರುವುದೂ ಇದೆ, ಮಕ್ಕಳಿರುವ ವಿಧವೆ, ಮೆಕ್ಯಾನಿಕ್ ಹೆಂಗಸು, ಎಲ್ಲ ಥರ. ಆ ವಿಷಯ ಹಾಕಿ ಹುಡುಕಿದರೆ ಸಿಗುತ್ತವೆ. ನಿಜ ಜೀವನದಲ್ಲೂ ಅಷ್ಟೇ. ‘ಮೋಟಾರ್ ಮೇಡ್ಸ್’ ಅಂತ ಹೆಂಗಸರ ಬೈಕ್ ಕ್ಲಬ್ ಅಮೆರಿಕದಲ್ಲಿ 1940ರ ಹೊತ್ತಿಗೇ ಶುರುವಾಗಿತ್ತು. ಹಾಲಿಸ್ಟರ್ ಗಲಾಟೆಗಿಂತ ಮುಂಚೆ! ಮೇಷ್ಟ್ರು ಅದನ್ನು ಬಿಟ್ಟರು. ನಮ್ಮ ದೇಶದಲ್ಲಿ ‘ಬೈಕರ್ನಿ’ 2011ರಲ್ಲಿ ಶುರುವಾಯಿತು. ಭಾನುವಾರ ನಂದಿ ಬೆಟ್ಟದ ಕಡೆ ಹೋಗುವ ಬೈಕುಗಳಲ್ಲಿ ಹುಡುಗಿಯರು ಈಗ ಹಿಂದೆ ಮಾತ್ರ ಕೂರುತ್ತಿಲ್ಲ, ಅಲ್ವಾ?

ಆದರೆ ಒಂದೇ ಥರದ ನಾಯಕ ಯಾಕೆ ಮತ್ತೆ ಮತ್ತೆ ಬರುತ್ತಾನೆ ಅನ್ನುವುದಕ್ಕೆ ವ್ಯಾಪಾರದ ಕಾರಣವೂ ಇದೆ. ಬೈಕ್ ಕ್ಲಬ್ಬಿನದೇ ಕತೆಯ ‘ಸನ್ಸ್ ಆಫ್ ಅನಾರ್ಕಿ’ ಅನ್ನುವ ಅಮೆರಿಕದ ಟಿವಿ ಧಾರಾವಾಹಿ 2008ರಿಂದ 2014ರವರೆಗೆ ನಡೆಯಿತು. ಅದು ನಡೆಯುತ್ತಿದ್ದ ಕಾಲದಲ್ಲೇ ಈ ಕಾದಂಬರಿಗಳೂ ಒಂದರ ಹಿಂದೆ ಒಂದು ಬಂದವು. ಲೇಖಕಿಯರು ಪ್ರಕಾಶಕರಿಗೆ ಕಾಯದೆ ಅಮೆಜಾನಿನ ಇ-ಪುಸ್ತಕದ ಅಂಗಡಿ ಕಿಂಡಲ್‌ನಲ್ಲಿ ತಾವೇ ಹಾಕುತ್ತಿದ್ದರು. 2014ರಲ್ಲಿ ಕಿಂಡಲ್ ಅನ್‌ಲಿಮಿಟೆಡ್ ಬಂತು, ತಿಂಗಳ ಚಂದಾ ಕೊಟ್ಟು ಎಷ್ಟು ಬೇಕಾದರೂ ಓದಬಹುದು. 2015ರ ಜುಲೈನಿಂದ ಅಲ್ಲಿ ಲೇಖಕರಿಗೆ ದುಡ್ಡು ಸಿಗುವುದು ಓದಿದ ಪುಟದ ಲೆಕ್ಕದಲ್ಲಿ. ನೀವು ಅರ್ಧಕ್ಕೆ ನಿಲ್ಲಿಸಿದರೆ ಅರ್ಧ ದುಡ್ಡು. ಹಾಗಾಗಿ ಪ್ರತಿ ಅಧ್ಯಾಯದ ಕೊನೆಗೆ ಯಾರೋ ಬಾಗಿಲು ತಟ್ಟಲೇಬೇಕು, ಫೋನ್ ರಿಂಗಾಗಲೇಬೇಕು. ಒಮ್ಮೆ ಗೆದ್ದ ಗಡ್ಡದವನನ್ನು ಬಿಡಲು ಯಾರಿಗೆ ಧೈರ್ಯ?

ಮಧುಗಿರಿ ಮೇಷ್ಟ್ರು

ಮೋಟಾರ್ ಮೇಡ್ಸ್ ವಿಷಯ ಹೇಳಿದ್ದಕ್ಕೆ ಧನ್ಯವಾದ ತಾಯಿ.

ಪುಟದ ಲೆಕ್ಕದ ಮಾತು ಓದಿ ನಮ್ಮ ವಾರಪತ್ರಿಕೆಗಳ ನೆನಪಾಯಿತು. ‘ಸುಧಾ’, ‘ತರಂಗ’ದಲ್ಲಿ ಧಾರಾವಾಹಿ ಬರುತ್ತಿದ್ದ ಕಾಲ. ಕೊನೆಗೆ ‘ಮುಂದುವರಿಯುವುದು’ ಅಂತ ಕಂಡಾಗ ನಮ್ಮ ಮನೆಯಾಕೆ ಪತ್ರಿಕೆಯನ್ನೇ ಬೈಯುತ್ತಿದ್ದಳು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಇವರ ಪುಸ್ತಕಗಳು ಬಾಡಿಗೆ ಲೈಬ್ರರಿಯಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬರುತ್ತಿದ್ದವು. ಆಗಲೂ ಗಂಡಸರು ‘ಅಡುಗೆಮನೆ ಸಾಹಿತ್ಯ’ ಅಂತ ಮೂಗು ಮುರಿಯುತ್ತಿದ್ದರು. ಮೇಲೆ ನಾನು ಓದದೆಯೇ ಬಿಗಿಯಾಗಿ ಬರೆದದ್ದನ್ನು ನೋಡಿ ಆಕೆ ಈಗ ನಗುತ್ತಿದ್ದಾಳೆ. ವೇಕೊ ಬಗ್ಗೆ ಬರೆದದ್ದು ಮಾತ್ರ ಹಾಗೇ ಇರಲಿ.

ಗೌರಿಬಿದನೂರು ಪ್ಯಾಸೆಂಜರ್

ಇದನ್ನು ಕನ್ನಡದಲ್ಲಿ ನಮ್ಮ ಕಡೆಯೇ ಯಾರಾದರೂ ಯಾಕೆ ಬರೆಯಬಾರದು? ಕೋಲಾರದ ಹತ್ತಿರ ನರಸಾಪುರದಲ್ಲಿ ಬೈಕ್ ಫ್ಯಾಕ್ಟರಿಯೇ ಇದೆ. ಹೋಂಡಾದವರು 2013ರಲ್ಲಿ ಶುರು ಮಾಡಿದ್ದು. ಅಲ್ಲಿನ ಶಿಫ್ಟ್ ಮುಗಿಸಿ ಬರುವ ಹುಡುಗರು, ಮುಳಬಾಗಿಲು ದೋಸೆ, ಹೈವೇ.

ಬುಲೆಟ್ ಸವಾರ, ತುಮಕೂರು

ಬರೆದರೆ ನಾಯಕ ಗಣೇಶೋತ್ಸವದ ಯುವಕ ಸಂಘದವನಾಗಿರಬೇಕು. ಅಧ್ಯಕ್ಷ, ಉಪಾಧ್ಯಕ್ಷ, ಖಜಾಂಚಿ ಎಲ್ಲ ರೆಡಿ ಇದ್ದಾರೆ. ಸೀಮೆ ಜಗಳಕ್ಕೆ ಫ್ಲೆಕ್ಸ್ ಎಲ್ಲಿ ಕಟ್ಟೋದು ಅನ್ನೋದು ಸಾಕು. ಹೆಲ್ಮೆಟ್ ಮಾತ್ರ ಕಡ್ಡಾಯ ಹಾಕಿಸಿ, ಇಬ್ಬರಿಗೂ. ಮುತ್ತಿನ ದೃಶ್ಯ ಕಷ್ಟ ಆಗಬಹುದು, ಅದು ಲೇಖಕರ ತಲೆನೋವು.

ರೇಷ್ಮೆ ಗೂಡು, ಶಿಡ್ಲಘಟ್ಟ

ಚಂದಾ ಎತ್ತಿದ ದುಡ್ಡಿಗೆ ಲೆಕ್ಕ ಕೇಳುವ ಹುಡುಗಿ ನಾಯಕಿ. ಅವಳು ಬ್ಯಾಂಕಿನವಳು. ಸಭೆ ದೇವಸ್ಥಾನದ ಜಗಲಿಯಲ್ಲಿ, ಬಾಗಿಲೇ ಇಲ್ಲ. ಆಚೆ ನಿಲ್ಲುವ ಪ್ರಶ್ನೆಯೂ ಇಲ್ಲ. ಇದಕ್ಕೆ ನಾನು ದುಡ್ಡು ಕೊಟ್ಟು ಓದುತ್ತೇನೆ.

ಕಂದವಾರ ಕೆರೆ ದಂಡೆ, ಚಿಕ್ಕಬಳ್ಳಾಪುರ

ನೀವೇ ಬರೆಯಿರಿ, ಅರ್ಧ ಆಗಲೇ ಮುಗಿದಿದೆ. ನಾನು ಈಗ ಸರಣಿಯ ಎರಡನೆಯದನ್ನು ಶುರು ಮಾಡಿದ್ದೇನೆ. ಇದರಲ್ಲಿ ನಾಯಕಿ ನರ್ಸ್. ಗುಂಡು ತಗುಲಿದವನಿಗೆ ಹೊಲಿಗೆ ಹಾಕುತ್ತಾ ಬೈಯುತ್ತಾಳೆ. ಇಷ್ಟವಾದಳು. ಇವನೂ ಬೀಗದ ಹತ್ತಿರ ಹೋದರೆ ಬಿಟ್ಟುಬಿಡುತ್ತೇನೆ, ಇಲ್ಲಿ ಬಂದು ಹೇಳುತ್ತೇನೆ.

ಅಂತರಗಂಗೆ ಅಕ್ಕ, ಒಂದು ಕೇಳಬೇಕಿತ್ತು. ಆ ಖಜಾಂಚಿ ಇದ್ದಾನಲ್ಲ, ಕನ್ನಡಕ ಹಾಕಿಕೊಂಡು ಯಾವಾಗಲೂ ಪುಸ್ತಕ ಓದುತ್ತಾ ಕೂರುವವನು, ಯಾರ ಜಗಳಕ್ಕೂ ಹೋಗದವನು. ಅವನಿಗೆ ಮದುವೆ ಆಗುತ್ತಾ?

ಅಂತರಗಂಗೆ, ಕೋಲಾರ

ಅವನದು ಆರನೇ ಪುಸ್ತಕ. ಈಗಲೇ ಹಾರಿ ಹೋಗಬೇಡಿ.

ತಟ್ಟೆ ಇಡ್ಲಿ, ತುಮಕೂರು

ಆರನೆಯದರ ಹೆಸರು ಇನ್‌ಬಾಕ್ಸಿಗೆ ಕಳಿಸಿ. ನನಗಲ್ಲ, ಗೆಳೆಯನೊಬ್ಬನಿಗೆ.